ನಮ್ಮ ಬೀದಿಗೆ ನೀರು ಬಂದ ಚರಿತ್ರೆ

ಹೋದ ಸಲ ಹಿತಕಬೇಳೆ ಸಾರಿನ ಬಗ್ಗೆ ಬರೆದಾಗ ಬಹಳ ಜನ ಓದಿ ಮೆಚ್ಕೊಂಡ್ರಿ. ಈ ಸಲ ಒಲೆ ಮುಂದಿಂದ ಎದ್ದು ಸ್ವಲ್ಪ ಕೆರೆ ಏರಿ ಕಡೆ ಹೋಗಿ ಬರೋಣ. ಮೂರು ವರ್ಷದಿಂದ ನಾನೊಂದು ಚರಿತ್ರೆ ಬರೀತಾ ಇದೀನಿ. ರಾಜರದ್ದಲ್ಲ, ಯುದ್ಧದ್ದಲ್ಲ. ನಮ್ಮ ಅಟ್ಟೂರಿನ ನಮ್ಮ ಬೀದಿಗೆ ಒಂದು ರಾತ್ರಿ ನೀರು ಯಾಕೆ ಬಂತು ಅನ್ನೋದರ ಚರಿತ್ರೆ. ಪಿಯುಸಿ ಓದಿದವಳಿಗೆ ಇದೆಲ್ಲ ಯಾಕೆ ಅಂತ ನಮ್ಮ ಮನೇಲೇ ನಕ್ಕಿದ್ದೂ ಉಂಟು.

2021ನೇ ಇಸವಿ ನವೆಂಬರ್ 21, ಭಾನುವಾರ ರಾತ್ರಿ. ಆ ವಾರ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ಕೆರೆ ನೀರು ನುಗ್ಗಿ ದೋಣೀಲಿ ಜನರನ್ನ ಹೊರಗೆ ಕರ್ಕೊಂಡು ಬಂದಿದ್ದನ್ನ ನೀವೆಲ್ಲ ಟೀವೀಲಿ ನೋಡಿರ್ತೀರಿ. ನಮ್ಮದು ಅಷ್ಟು ದೊಡ್ಡ ಸುದ್ದಿ ಏನಲ್ಲ. ನಮ್ಮ ಮನೆ ಬಡಾವಣೆಯ ತಗ್ಗಿನ ಕಡೆ ಐತೆ. ರಾತ್ರಿ ಒಂದೂವರೆ ಹೊತ್ತಿಗೆ ಬಚ್ಚಲ ಮೋರಿಯಿಂದ ನೀರು ವಾಪಸ್ ಬರೋಕೆ ಶುರುವಾಯ್ತು. ಎರಡು ಗಂಟೆಗೆ ಹೊಸಿಲು ದಾಟ್ತು. ಬೆಳಗಾಗೋ ಹೊತ್ತಿಗೆ ಮಹಡಿ ಮೆಟ್ಟಿಲು ಮೂರು ಮುಳುಗಿದ್ವು. ಗ್ಯಾಸ್ ಸಿಲಿಂಡರು ಅಡುಗೆ ಮನೇಲಿ ಮಲಗಿ ತೇಲ್ತಾ ಇತ್ತು, ರಾಗಿ ಹಿಟ್ಟಿನ ಡಬ್ಬ ಅದರ ಹಿಂದೇನೇ ಹೋಗ್ತಿತ್ತು. ಅತ್ತೇನ ಕುರ್ಚಿ ಸಮೇತ ಎತ್ತಿ ಮಹಡಿಗೆ ಸಾಗಿಸಿದ್ವಿ. ಬೆಳಿಗ್ಗೆ ಕಾರ್ತಿಕ ಸೋಮವಾರ. ದೀಪ ಹಚ್ಚಬೇಕು ಅಂತ ಹಿಂದಿನ ದಿನ ಬತ್ತಿ ಹೊಸೆದಿಟ್ಟಿದ್ದೆ, ಅದೂ ನೀರಲ್ಲಿ ಹೋಯ್ತು. ಅವತ್ತಿನ ಕಥೆ ಇಷ್ಟೇ. ಇದನ್ನೇ ಉದ್ದಕ್ಕೆ ಎಳೆದು ಬರೆದ್ರೆ ಓದೋರು ಅಯ್ಯೋ ಪಾಪ ಅಂತಾರೆ, ಆದ್ರೆ ನೀರು ಯಾಕೆ ಬಂತು ಅಂತ ಅದರಿಂದ ಗೊತ್ತಾಗಲ್ಲ.

ಯಾಕೆ ಬಂತು ಅಂತ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು. ಮೇಲಿನ ಕೆರೆ ಏರಿ ಯಾರೋ ಒಡೆದ್ರು ಅಂದ್ರು ಒಬ್ಬರು. ಮೋಡ ಒಡೀತು ಅಂದ್ರು ಇನ್ನೊಬ್ಬರು. ನೀರು ಎಷ್ಟು ದಿನ ನಿಂತಿತ್ತು ಅನ್ನೋದಕ್ಕೂ ಒಮ್ಮತ ಇಲ್ಲ. ನಮ್ಮೆಜಮಾನ್ರು ನಾಲ್ಕು ದಿನ ಅಂತಾರೆ, ಅತ್ತೆ ಒಂದು ವಾರ ಅಂತಾರೆ, ಎದುರು ಮನೆಯವರು ಎರಡೇ ದಿನ ಅಂತಾರೆ. ಯಾರೂ ಸುಳ್ಳು ಹೇಳ್ತಿಲ್ಲ. ಒಂದು ವರ್ಷದೊಳಗೇ ಹಿಂಗಾದ್ರೆ ಹತ್ತು ವರ್ಷ ಬಿಟ್ಟು ಹೆಂಗೆ ಅನ್ನಿಸ್ತು. ಆಗ ನನ್ನ ಹಾಲಿನ ಲೆಕ್ಕದ ಪುಸ್ತಕ ನೆನಪಾಯ್ತು. ಅದು ಫ್ರಿಜ್ಜಿನ ಮೇಲಿದ್ದಿದ್ದಕ್ಕೆ ಉಳ್ಕೊಂಡಿತ್ತು. 22, 23, 24 ಮೂರು ದಿನ ಅಡ್ಡಗೆರೆ, 25ನೇ ತಾರೀಕು ಗುರುವಾರ ಎರಡು ಪ್ಯಾಕೆಟ್. ಹಾಲಿನ ಹುಡುಗ ಗೇಟಿನವರೆಗೂ ಬಂದಿದ್ದಾನೆ ಅಂದ್ರೆ ಬೀದೀಲಿ ನೀರು ಇಳಿದಿತ್ತು ಅಂತ ಲೆಕ್ಕ. ಅತ್ತೆ ಒಂದು ವಾರ ಅಂತಾರಲ್ಲ, ಅದೂ ಸುಮ್ಮನೆ ಅಲ್ಲ. ಅವರು ಮಹಡಿಯಿಂದ ಕೆಳಗೆ ಇಳಿದದ್ದೇ ವಾರ ಆದ ಮೇಲೆ. ಅವರ ಪಾಲಿನ ನೀರು ಅಷ್ಟು ದಿನ ಇತ್ತು. ಎರಡನ್ನೂ ಬರ್ಕೊಂಡೆ, ಯಾವುದು ಯಾರ ಲೆಕ್ಕ ಅಂತ ಪಕ್ಕದಲ್ಲಿ ಹಾಕ್ಕೊಂಡೆ. ಅಲ್ಲಿಂದ ಈ ಕೆಲಸ ಶುರು.

ನಮ್ಮತ್ತೆಗೆ ಇಸವಿ ಗೊತ್ತಿಲ್ಲ. ಅವರ ಕ್ಯಾಲೆಂಡರ್ರೇ ಬೇರೆ. ಅವರ ಮದುವೆ ಆಗಿದ್ದು ನೆಹರು ತೀರ್ಕೊಂಡ ವರ್ಷ, ಅಂದ್ರೆ 1964. ಯಲಹಂಕದ ಗಾಲಿ ಅಚ್ಚು ಕಾರ್ಖಾನೆಗೆ ಇಂದಿರಾಗಾಂಧಿ ಬಂದದ್ದು ಅವರಿಗೆ ಇನ್ನೊಂದು ಮೈಲಿಗಲ್ಲು, ಅದು 1984ರ ಸೆಪ್ಟೆಂಬರ್. ಮುಂದಿನ ತಿಂಗಳೇ ಇಂದಿರಮ್ಮ ಹೋಗ್ಬುಟ್ರಲ್ಲ, ಅದಕ್ಕೆ ಮರೆಯೋ ಹಂಗಿಲ್ಲ. ಆಮೇಲೆ ವೀರಪ್ಪನ್ ರಾಜ್‌ಕುಮಾರ್ ಅವರನ್ನ ಹೊತ್ಕೊಂಡು ಹೋದ ವರ್ಷ, 2000ದ ಜುಲೈ. ಅತ್ತೆ ಯಾವುದೇ ವಿಷಯ ಹೇಳಿದ್ರೂ ಈ ಮೂರು ಗೂಟದ ನಡುವೆ ಕಟ್ಟಿ ಹಾಕಬೋದು. ಒಂದು ದಿನ ಅವರೆಕಾಯಿ ಬಿಡಿಸ್ತಾ ಕೂತಾಗ ಅವರೇ ಹೇಳಿದ್ರು:

"ನಮ್ ಬೀದಿ ತುದೀಲಿ ಕಾಲುವೆ ದಾಟಾಕೆ ಒಂದು ಚಪ್ಪಡಿ ಕಲ್ಲು ಇತ್ತು ಕಣೆ. ಇಂದಿರಾಗಾಂಧಿ ನೋಡಾಕೆ ಅದ್ರ ಮ್ಯಾಲೇ ದಾಟ್ಕೊಂಡು ಹೋಗಿದ್ವಿ. ರಾಜ್‌ಕುಮಾರ್ ಹೋದಾಗ ಹುಡುಗ್ರೆಲ್ಲ ಟೈರು ಸುಟ್ರಲ್ಲ, ಅವಾಗ ಅಲ್ಲಿ ಕಲ್ಲೂ ಇರ್ನಿಲ್ಲ, ಕಾಲುವೇನೂ ಇರ್ನಿಲ್ಲ."

ನಾನು ಅವರೆಕಾಯಿ ಕೈಲಿ ಹಿಡ್ಕೊಂಡು ಹಂಗೇ ಕೂತ್ಬುಟ್ಟೆ. ಅಂದ್ರೆ 1984ರಲ್ಲಿ ಇದ್ದ ಕಾಲುವೆ 2000ದಲ್ಲಿ ಇಲ್ಲ. ಆ ಹದಿನಾರು ವರ್ಷದಲ್ಲಿ ಯಾವಾಗ ಹೋಯ್ತು? ಉತ್ತರ ನಮ್ಮ ಟ್ರಂಕಲ್ಲೇ ಇತ್ತು. ನೆಂದು ಒಂದಕ್ಕೊಂದು ಅಂಟ್ಕೊಂಡಿದ್ದ ಫೋಟೋಗಳನ್ನ ನೀರಲ್ಲಿ ನೆನೆಸಿ, ನಿಧಾನಕ್ಕೆ ಬಿಡಿಸಿ, ಹಳೇ ಸೀರೆ ಮೇಲೆ ಒಣಗಿಸಿದ್ದೆ. 1992ರಲ್ಲಿ ನನ್ನ ದೊಡ್ಡ ಮಗನ ನಾಮಕರಣದ ದಿನ ತೆಗೆದಿದ್ದೊಂದರಲ್ಲಿ ನಮ್ಮ ಚಿಕ್ಕತ್ತೆ ಮಗು ಎತ್ಕೊಂಡು ನಿಂತವ್ರೆ. ಹಿಂದುಗಡೆ, ಬಣ್ಣ ಕಿತ್ತು ಹೋಗಿರೋ ಕಡೆ, ಆ ಚಪ್ಪಡಿ ಕಲ್ಲು. ಫೋಟೋ ತೆಗೆದವನಿಗೆ ಅದು ಬೇಕಾಗಿರಲಿಲ್ಲ. ನನಗೆ ಈಗ ಮಗುಗಿಂತ ಅದೇ ಬೇಕಾಯ್ತು, ನನ್ನ ಮಗ ಇದನ್ನ ಓದಿದ್ರೆ ಕೋಪ ಮಾಡ್ಕೊಳ್ದೆ ಇರ್ಲಿ.

ಇನ್ನು ಕಾಗದದ ಪಾಡು. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಈಗ ಫೋನಲ್ಲೇ ಸಿಗುತ್ತೆ, ದಿಶಾಂಕ್ ಅಂತ ಆ್ಯಪ್ ಐತೆ, ನಾವು ನಿಂತಿರೋ ಜಾಗದ ಸರ್ವೆ ನಂಬರು ತೋರಿಸುತ್ತೆ. ನನ್ನ ಚಿಕ್ಕ ಮಗ ಹಾಕಿಕೊಟ್ಟ. ನಕ್ಷೆ ಓದೋದು ಪಂಚಾಂಗ ಓದಿದ ಹಂಗೇ, ಅಭ್ಯಾಸ ಆಗೋವರೆಗೂ ಕಷ್ಟ. ಕೆರೆ, ಕಾಲುವೆ, ಗುಂಡುತೋಪು, ಸ್ಮಶಾನ ಇವೆಲ್ಲ ಬಿ ಖರಾಬು ಅನ್ನೋ ಲೆಕ್ಕಕ್ಕೆ ಬರ್ತವೆ. ಅಂದ್ರೆ ಊರಿಗೆ ಸೇರಿದ್ದು, ಯಾರೊಬ್ಬರ ಸ್ವತ್ತೂ ಅಲ್ಲ. ನಮ್ಮ ಬೀದಿ ಪಕ್ಕದಲ್ಲೇ ಜೋಡಿ ಗೆರೆ ಹಾದು ಹೋಗೈತೆ. ಅತ್ತೆ ಹೇಳಿದ ಕಾಲುವೆ ಅದೇ.

ಕೆರೆ ಹೆಂಗೆ ಕೆಲಸ ಮಾಡ್ತಿತ್ತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ನೆಲ ಏರು ತಗ್ಗು. ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದ್ರೆ ಮಳೆ ನೀರು ನಿಲ್ಲುತ್ತೆ, ಅದು ಕೆರೆ. ಏರಿ ಬುಡದಲ್ಲಿ ತೂಬು, ಅದರಿಂದ ಗದ್ದೆಗೆ ನೀರು. ನೀರು ಕುಡಿಯೋ ಗದ್ದೆ ಬಯಲೇ ಅಚ್ಚುಕಟ್ಟು. ಕೆರೆ ತುಂಬಿದ್ರೆ ಏರಿ ಒಡೀಬಾರದು ಅಂತ ಒಂದು ಪಕ್ಕ ಕಲ್ಲು ಕಟ್ಟಿ ಕೋಡಿ ಬಿಟ್ಟಿರ್ತಾರೆ. ಕೋಡಿ ಬಿದ್ದ ನೀರು ಕಾಲುವೆ ಹಿಡ್ದು ಕೆಳಗಿನ ಕೆರೆಗೆ, ಅದು ತುಂಬಿ ಅದರ ಕೆಳಗಿನದಕ್ಕೆ. ಯಲಹಂಕ ಕೆರೆ ನೀರು ಜಕ್ಕೂರಿಗೆ, ಜಕ್ಕೂರಿಂದು ರಾಚೇನಹಳ್ಳಿಗೆ, ಹಂಗೇ ಮುಂದಕ್ಕೆ ಹೋಗಿ ದಕ್ಷಿಣ ಪಿನಾಕಿನಿ ಸೇರುತ್ತೆ. ಒಂದೇ ದಾರದಲ್ಲಿ ಪೋಣಿಸಿದ ಮಣಿ ಸರ ಅದು. ಮಧ್ಯ ಎಲ್ಲಾದ್ರೂ ದಾರ ಮುಚ್ಚಿದ್ರೆ ನೀರು ನಿಲ್ಲಲ್ಲ, ತಗ್ಗಿರೋ ಕಡೆ ತಾನೇ ದಾರಿ ಮಾಡ್ಕೊಳುತ್ತೆ. ಅವತ್ತು ರಾತ್ರಿ ನಮ್ಮ ಬಚ್ಚಲಿಂದ ಮಾಡ್ಕೊಂಡ ಹಾಗೆ.

ಇದು ಇವತ್ತು ನೆನ್ನೆ ವ್ಯವಸ್ಥೆ ಅಲ್ಲ. ಅಗರದಲ್ಲಿ ಸುಮಾರು ಕ್ರಿ.ಶ. 870ರ ಗಂಗರ ಕಾಲದ ಶಾಸನ ಐತೆ. ಇರುಗಮಯ್ಯ ಅನ್ನೋನು ಎರಡು ಕೆರೆಗೆ ತೂಬು ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದ ಅಂತ ಅದರಲ್ಲಿ ಐತೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆ ಶಾಸನಗಳನ್ನೆಲ್ಲ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ಅಂತ 1905ರಲ್ಲೇ ಅಚ್ಚು ಹಾಕಿಸಿದ್ರು. ಚೋಳರ ಕಾಲದ ಶಾಸನಗಳಲ್ಲಿ ನಮ್ಮ ಯಲಹಂಕ ಇಲೈಪಾಕ್ಕ ನಾಡು. ಆ ಹೆಸರನ್ನ ಮೊದಲ ಸಲ ಓದಿದಾಗ ಯಾರೋ ದೂರದ ನೆಂಟರು ಮನೆಗೆ ಬಂದ ಹಂಗಾಯ್ತು. ಹೆಬ್ಬಾಳದಲ್ಲಂತೂ 2018ರಲ್ಲಿ ಮೋರಿ ಕೆಲಸಕ್ಕೆ ನೆಲ ಅಗೆಯುವಾಗಲೇ ಒಂದು ಕಲ್ಲು ಸಿಕ್ತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿದು, ಕಿತ್ತಯ್ಯ ಅನ್ನೋ ವೀರ ಕಾದಾಡಿ ಸತ್ತ ಅಂತ ಬರ್ದಿರೋದು. ಸಾವಿರದ ಇನ್ನೂರು ವರ್ಷಕ್ಕಿಂತ ಹಳೇ ಹೆಸರು ಮೋರಿ ಮಣ್ಣಲ್ಲಿ ಸಿಗುತ್ತೆ, ಮೂವತ್ತು ವರ್ಷದ ಹಿಂದಿನ ನಮ್ಮ ಬೀದಿ ಕಾಲುವೆ ಮಾತ್ರ ಎಲ್ಲಿತ್ತು ಅಂತ ಹುಡುಕಬೇಕು!

ಕೆರೆಗಳು ಯಾಕೆ ಹೋದ್ವು ಅಂದ್ರೆ ಎಲ್ಲರೂ ಬಿಲ್ಡರ್‌ಗಳನ್ನ ಬೈತಾರೆ. ಬೈಯಲಿ, ಆದ್ರೆ ಕಥೆ ಅದಕ್ಕಿಂತ ಹಳೇದು. 1894ರಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿ ನೀರು ಕಟ್ಟಿ ಊರಿಗೆ ಕೊಳವೇಲಿ ನೀರು ತರೋಕೆ ಶುರು ಮಾಡಿದ್ರು. ಆಮೇಲೆ ತಿಪ್ಪಗೊಂಡನಹಳ್ಳಿ ಬಂತು, 1974ರಲ್ಲಿ ಕಾವೇರಿ ಬಂತು. ನಲ್ಲೀಲಿ ನೀರು ಬಂದ ಮೇಲೆ ಕೆರೆ ಬರೀ ಸೊಳ್ಳೆ ಗುಂಡಿ ಅನ್ನಿಸ್ಕೊಂತು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ, ಕೋರಮಂಗಲದ ಕೆರೆ ನ್ಯಾಷನಲ್ ಗೇಮ್ಸ್ ವಿಲೇಜು. ಸರ್ಕಾರವೇ 1985ರಲ್ಲಿ ಎನ್. ಲಕ್ಷ್ಮಣ್ ರಾವ್ ಸಮಿತಿ ಮಾಡ್ತು. ಉಳಿದಿರೋ ಕೆರೆಗಳನ್ನ ಒಡೀಬೇಡಿ, ಕೆರೆಯಾಗೇ ಉಳಿಸಿ ಅಂತ ಅವರು ಹೇಳಿದ್ರು. ಇಸವಿ ನೋಡಿ. ನಮ್ಮ ಬೀದಿ ಕಾಲುವೆ ಮಾಯವಾಗಿದ್ದು ಆ ವರದಿ ಬಂದ ಮೇಲೆ, 1992ರಿಂದ 2000ದ ಒಳಗೆ. ನಾವು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ, ಅಟ್ಟೂರು ವಾರ್ಡ್ ನಂಬರ್ 3 ಅಂತ ಆಗಿದ್ದು ಅದರಾಚೆಗೆ. ಕಾಲುವೆ ಹೋದಾಗ ನಾವಿನ್ನೂ ಊರೂ ಅಲ್ಲ, ಸಿಟೀನೂ ಅಲ್ಲ. ಕೇಳೋರು ಯಾರು ಅನ್ನೋದೇ ಗೊತ್ತಿರಲಿಲ್ಲ. ಗದ್ದೆ ಇದ್ದಾಗ ಕಾಲುವೆ ಮುಚ್ಚಿದ್ರೆ ಅವತ್ತೇ ಜಗಳ ಆಗ್ತಿತ್ತು. ಗದ್ದೆ ಸೈಟಾದ ಮೇಲೆ ಕಾಲುವೆ ಯಾರಿಗೂ ಬೇಡವಾಯ್ತು, ಮಳೆಗೆ ಒಂದು ಬಿಟ್ಟು.

ನೆನಪನ್ನ ನಂಬಿ ಬರೆಯೋದು ಸರಿಯೋ ಅಂತ ನನಗೆ ಆಗಾಗ ಅನುಮಾನ ಬರ್ತಿತ್ತು. ಆಗ ನನಗೆ ಧೈರ್ಯ ಕೊಟ್ಟಿದ್ದು ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರ ಕಥೆ. ಅವರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳೀಲಿ ತಿಂಗಳುಗಟ್ಟಲೆ ಇದ್ದು, ವ್ಯವಸಾಯ, ಜಾತಿ, ಜಗಳ, ಹಬ್ಬ ಎಲ್ಲ ಬರ್ಕೊಂಡಿದ್ರು. ಪುಸ್ತಕ ಬರೀಬೇಕು ಅಂತ ಅಮೆರಿಕದ ಸ್ಟ್ಯಾನ್‌ಫೋರ್ಡಿಗೆ ಹೋಗಿದ್ದಾಗ, 1970ರ ಏಪ್ರಿಲ್‌ನಲ್ಲಿ ಯಾರೋ ಕಿಡಿಗೇಡಿಗಳು ಅವರ ಕೋಣೆ ಇದ್ದ ಕಟ್ಟಡಕ್ಕೆ ಬೆಂಕಿ ಇಟ್ರು. ವರ್ಷಾನುಗಟ್ಟಲೆ ಕೂತು ಸಿದ್ಧ ಮಾಡಿಟ್ಟಿದ್ದ ಟಿಪ್ಪಣಿಗಳು, ಮೂರೂ ಪ್ರತಿ, ಸುಟ್ಟು ಹೋದ್ವು. ನೆನಪಿಂದಲೇ ಬರೀರಿ ಅಂತ ಸ್ನೇಹಿತರು ಹೇಳಿದ್ರು. ಅವರು ಹಂಗೇ ಬರೆದ್ರು, 1976ರಲ್ಲಿ ಅಚ್ಚಾಯ್ತು, 'ದ ರಿಮೆಂಬರ್ಡ್ ವಿಲೇಜ್' ಅಂತ. ನನಗೆ ಅದರಲ್ಲಿ ಹಿಡಿಸಿದ್ದು ಏನಂದ್ರೆ, ಇದು ನೆನಪಿಂದ ಬರೆದದ್ದು ಅಂತ ಅವರು ಮುಚ್ಚಿಡಲಿಲ್ಲ, ಪುಸ್ತಕದ ಹೆಸರಲ್ಲೇ ಇಟ್ರು. ಅಷ್ಟು ದೊಡ್ಡ ವಿದ್ವಾಂಸರಿಗೆ ಬೆಂಕಿ, ನನಗೆ ನೀರು. ಹೋಲಿಸ್ಕೊಳೋಕೆ ಹೋಗಲ್ಲ, ಆದ್ರೆ ನೆಂದ ಟ್ರಂಕು ಬಿಚ್ಚುವಾಗ ಅವರ ಸಂಕಟ ನನಗೆ ಅರ್ಥ ಆಯ್ತು.

ಹೋದ ವರ್ಷದ ಹೊತ್ತಿಗೆ ನಲವತ್ತು ಪುಟ ಆಗಿತ್ತು. ಆಗ ಮನೇಲಿ ರಗಳೆ ಶುರುವಾಯ್ತು. ನಮ್ಮ ಮೈದುನ ಬಂದು, "ಅತ್ತಿಗೆ, ಇದನ್ನ ಎಲ್ಲೂ ಹಾಕ್ಬೇಡಿ. ಕಾಲುವೆ ಮೇಲೆ ಐತೆ ಅಂತ ಬರೆದ್ರೆ ಈ ಬೀದೀಲಿ ಒಂದು ಸೈಟೂ ಮಾರಾಟ ಆಗಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಎದುರು ಸಾಲಲ್ಲಿ ನನ್ನ ಗೆಳತಿ ಇದಾಳೆ. ಮಗಳ ಮದುವೆಗೆ ಅಂತ ಪಕ್ಕದ ಅರ್ಧ ಸೈಟು ಮಾರೋಕೆ ಇಟ್ಟಿದ್ಲು. ಜೋಡಿ ಗೆರೆ ಹಾದು ಹೋಗಿರೋದು ಅದರ ಅಂಚಲ್ಲೇ. ಅವಳ ಗಂಡ ದುಡಿದು ಕೊಂಡಿದ್ದು, ಕ್ರಯಪತ್ರ ಐತೆ, ಕಂದಾಯ ಕಟ್ಟವ್ರೆ. ಕಾಲುವೆ ಮುಚ್ಚಿದವರು ಅವರಲ್ಲ. ನಾನು ಬರೆದ್ರೆ ಹೊಡೆತ ಬೀಳೋದು ಅವಳಿಗೆ. ಬರೀದೆ ಇದ್ರೆ? ಆ ಸೈಟು ಕೊಂಡು ಮನೆ ಕಟ್ಟಿದವರ ಮನೇಲೂ ಒಂದು ರಾತ್ರಿ ಸಿಲಿಂಡರು ತೇಲುತ್ತೆ. ಅವರಿಗೂ ಮಕ್ಕಳಿರ್ತಾರೆ, ವಯಸ್ಸಾದ ಅತ್ತೆ ಇರ್ತಾರೆ.

ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಮೂರನೇ ದಿನ ನಕ್ಷೆ, ಫೋಟೋ ಎಲ್ಲ ತಗೊಂಡು ಅವಳ ಮನೆಗೇ ಹೋದೆ. ಅವಳು ಕಾಫಿ ಕೊಟ್ಟು, ಎಲ್ಲ ನೋಡಿ, ಬಹಳ ಹೊತ್ತು ಸುಮ್ಮನೆ ಕೂತಿದ್ಲು. ಆಮೇಲೆ, "ನಂಗೆ ಇದು ಗೊತ್ತಿತ್ತು ಕಣಕ್ಕ, ಕಾಲುವೇಲಿ ನಾನೇ ಬಟ್ಟೆ ಒಗೆದಿದೀನಿ" ಅಂದ್ಲು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು, "ಬರಿ, ಮದುವೆ ಒಂದು ಮುಗೀಲಿ" ಅಂದ್ಲು. ಸೈಟು ಅವಳು ಮಾರಲಿಲ್ಲ. ಒಡವೆ ಅಡ ಇಟ್ಟು ಮದುವೆ ಮಾಡಿದ್ಲು. ಮೊನ್ನೆ ಫೆಬ್ರವರೀಲಿ ಆಯ್ತು, ನಾನೇ ಹೋಳಿಗೆಗೆ ನಿಂತಿದ್ದೆ. ನನ್ನಿಂದ ಅವಳಿಗೆ ಬಡ್ಡಿ ಹೊರೆ ಬಿತ್ತು ಅನ್ನೋದು ನನ್ನ ಮನಸ್ಸಲ್ಲಿ ಐತೆ. ಅವಳು ಒಂದು ಸಲಾನೂ ಆ ಮಾತು ಎತ್ತಿಲ್ಲ. ಸರ್ವೆ ನಂಬರನ್ನ ನಾನು ಇಲ್ಲಿ ಹಾಕಿಲ್ಲ. ಅದು ಗುಟ್ಟು ಅಂತಲ್ಲ, ಸೈಟು ಕೊಳ್ಳೋರು ಯಾರೇ ಆಗಲಿ ಐದು ನಿಮಿಷದಲ್ಲಿ ಫೋನಲ್ಲೇ ನೋಡಬೋದು. ನೋಡ್ಕೊಂಡೇ ಕೊಳ್ಳಿ ಅಂತ ಮಾತ್ರ ಹೇಳ್ತೀನಿ.

ಇನ್ನೊಂದು ವಿಷಯ ನಕ್ಷೇಲೂ ಇಲ್ಲ, ಶಾಸನದಲ್ಲೂ ಇಲ್ಲ. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತಾರೆ. ಹೊಳೆಗೆ ಬೇಡದೇ ಇರಬೋದು, ಕೆರೆ ನೀರಿಗೆ ಮಾತ್ರ ನೀರುಗಂಟಿ ಅಪ್ಪಣೆ ಬೇಕಿತ್ತು. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಸರದಿ ಬಿಡೋದು, ಕಾಲುವೆ ಹೂಳು ತೆಗೆಸೋದು, ಜೋರು ಮಳೆ ರಾತ್ರಿ ಗೋಣಿಚೀಲ ಹೊದ್ಕೊಂಡು ಏರಿ ಮೇಲೆ ಕಾವಲು ಕಾಯೋದು, ಎಲ್ಲಾ ಅವರದ್ದೇ. ಗದ್ದೆ ಕೊಯ್ದಾಗ ಕಣದಲ್ಲಿ ಅವರಿಗೆ ಆಯ ಅಂತ ಭತ್ತ ಅಳೀತಿದ್ರು. ಬಹಳ ಊರಲ್ಲಿ ಈ ಕೆಲಸ ಹೊಲಗೇರಿಯ ಮನೆತನದವರದ್ದು. ಏರಿ ಉಳಿದ್ರೆ ಕೆರೆ ಕಟ್ಟಿಸಿದವನಿಗೆ ಪುಣ್ಯ, ಒಡೆದ್ರೆ ಇವರ ತಲೆ ಮೇಲೆ. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ ಬಂದು, ಶಾನುಭೋಗ ಪಟೇಲರ ಜೊತೆ ವಂಶಪಾರಂಪರ್ಯದ ಇಂಥ ಊರ ಕೆಲಸಗಳೂ ಕಾನೂನಿನ ಲೆಕ್ಕದಲ್ಲಿ ಮುಗಿದ್ವು. ವಂಶದ ಜೀತ ತಪ್ಪಿದ್ದು ಒಳ್ಳೇದೇ ಆಯ್ತು. ಆದ್ರೆ ಆ ಕೆಲಸ ಮಾಡೋಕೆ ಸಂಬಳ ಕೊಟ್ಟು ಇನ್ನೊಬ್ಬರನ್ನ ಅಲ್ಲಿ ನಿಲ್ಲಿಸಲಿಲ್ಲ. ಕಾಲುವೆ ಮುಚ್ಚೋದಕ್ಕೆ ಮೂವತ್ತು ವರ್ಷ ಮುಂಚೆ ಕಾಲುವೆ ನೋಡ್ಕೊಳೋರು ಇಲ್ಲವಾಗಿದ್ರು.

ನಮ್ಮ ಕಡೆ ನೀರುಗಂಟಿ ಮನೆಯವರು ಯಾರಾದ್ರೂ ಇದಾರಾ ಅಂತ ಅತ್ತೇನ ಕೇಳಿ ಕೇಳಿ, ಕೊನೆಗೆ ಮೊಮ್ಮಗ ಒಬ್ಬರು ಸಿಕ್ಕಿದ್ರು. ಎಪ್ಪತ್ತು ದಾಟಿದೆ, ಕಾರ್ಖಾನೆ ಕೆಲಸದಿಂದ ನಿವೃತ್ತಿ ಆಗವ್ರೆ. ಮೊದಲು ಮಾತೇ ಆಡ್ಲಿಲ್ಲ, ಯಾಕೆ ಬೇಕು ಅಂತ ಕೇಳಿದ್ರು. 2021ರ ರಾತ್ರಿ ನಮ್ಮ ಮನೆಗೆ ನೀರು ಬಂದಿದ್ದು ಹೇಳಿದೆ. "ಬರ್ದೇ ಇರುತ್ತಾ ತಾಯಿ, ಅದು ನೀರಿನ ಜಾಗ" ಅಂದ್ರು. ಆಮೇಲೆ ಬಾಯಿ ಬಿಟ್ರು. ಅವರ ತಾತ ಮಳೆ ಬರೋ ವಾಸನೆಗೇ ಎದ್ದು ಏರಿಗೆ ಹೋಗ್ತಿದ್ರಂತೆ. ಏರಿ ಮೇಲೆ ನೆಲಕ್ಕೆ ಕಿವಿ ಇಟ್ಟು ಮಲಗಿ, ಒಳಗೆ ಎಲ್ಲಾದ್ರೂ ನೀರು ಜಿನುಗ್ತಾ ಇದೆಯಾ ಅಂತ ಕೇಳಿಸ್ಕೊತಿದ್ರಂತೆ. ಕೋಡಿ ಬಿದ್ದ ದಿನ ಊರಿನವರೆಲ್ಲ ಗಂಗೆ ಪೂಜೆಗೆ ಬಂದಾಗ ತಾತ ಮಾತ್ರ ದೂರ ನಿಲ್ತಿದ್ರು, ಪ್ರಸಾದವನ್ನ ಎಲೆ ಮೇಲೆ ಇಟ್ಟು ಹೋಗ್ತಿದ್ರು. ಅದನ್ನ ಹೇಳುವಾಗ ಅವರ ದನಿ ಏನೂ ಬದಲಾಗಲಿಲ್ಲ, ನಾನೇ ತಲೆ ತಗ್ಗಿಸಿ ಬರ್ಕೊಂಡೆ.

ತಾತನ ಹೆಸರು ಹಾಕ್ಲಾ ಅಂತ ಕೇಳಿದೆ. ಬೇಡ ಅಂದ್ರು. ಮಕ್ಕಳು ಒಳ್ಳೇ ಕೆಲಸದಲ್ಲವ್ರೆ, ಬಾಡಿಗೆ ಮನೇಲಿ ಇರೋರು, ಓದಿದವರು ಲೆಕ್ಕ ಹಾಕ್ತಾರೆ ಅಂದ್ರು. ಅದಕ್ಕೆ ಇಲ್ಲಿ ಹಾಕಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಮಾತ್ರ ಬರ್ಕೊಂಡಿದೀನಿ, ಅವರೇ ಅಕ್ಷರ ತಿದ್ದಿ ಕೊಟ್ರು.

ಕೆರೆಯ ಹಳೇ ತೂಬಿನ ಕಲ್ಲು ಇನ್ನೂ ಐತಂತೆ, ಲಂಟಾನ ಪೊದೆ ಒಳಗೆ. ಮಳೆ ಮುಗಿದು ಪೊದೆ ಒಣಗಿದ ಮೇಲೆ ತೋರಿಸ್ತೀನಿ ಅಂದವ್ರೆ. ಅತ್ತೆ ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ, ಏರಿ ಹತ್ತೋಕಾಗಲ್ಲ ಅಂದ್ರೂ ಕೇಳ್ತಿಲ್ಲ. ಅಳತೆ ಟೇಪು ಒಂದು ತಗೋಬೇಕು, ಮನೇಲಿದ್ದಿದ್ದು ಅವತ್ತು ನೀರಲ್ಲಿ ತುಕ್ಕು ಹಿಡೀತು.